ಎರಡು ಸಾವಿರದ ಇನ್ನೂರು, ನಾರ್ಮಲ್

ಪೈಪಕ್ಕನ ರಕ್ತ ಎರಡು ಸಾವಿರದ ಇನ್ನೂರು ಇತ್ತು. ಪಕ್ಕದಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿತ್ತು. ಕಾಗದ ಕೈಗೆ ಬಂದ ದಿನ ಅವಳು ಬೆಳಿಗ್ಗೆಯಿಂದ ಮೂರು ಸಲ ವಾಂತಿ ಮಾಡಿಕೊಂಡಿದ್ದಳು. ನಾಲ್ಕನೆಯದು ಗಂಟಲ ತನಕ ಬಂದಿತ್ತು, ಕಾಗದ ನೋಡಿ ನಾಚಿಕೊಂಡು ವಾಪಸ್ ಹೋಯಿತು ಎಂದು ಅವಳೇ ಹೇಳಿ ನಕ್ಕಳು. ಗ್ಯಾಂಗಿನವರೂ ನಕ್ಕರು. ನಕ್ಕವರ ಕಾಗದಗಳಲ್ಲೂ ನಾರ್ಮಲ್ ಎಂದೇ ಇತ್ತು.

ಪೈಪಕ್ಕ ಎಂಬುದು ಅವಳ ಹೆಸರಲ್ಲ, ಕೆಲಸ. ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಶೆಡ್ಡುಗಳಲ್ಲಿ ಔಷಧಿ ಹೊಡೆಯುವವನ ಹಿಂದೆ ಪೈಪು ಎಳೆಯುವುದು. ಅರವತ್ತು ಮೀಟರ್ ಪೈಪು. ಒಳಗೆ ಔಷಧಿ ತುಂಬಿದ ಮೇಲೆ ಅದು ಪೈಪಲ್ಲ, ಹೊಟ್ಟೆ ತುಂಬಿದ ಹೆಬ್ಬಾವು. ಅದನ್ನು ಭುಜದ ಮೇಲೆ ಹಾಕಿಕೊಂಡು, ಬೆನ್ನು ಬಗ್ಗಿಸಿ, ಗಿಡದ ಸಾಲಿಗೆ ತಾಗದ ಹಾಗೆ ಎಳೆಯಬೇಕು. ಒಂದು ಮೊಗ್ಗು ಮುರಿದರೆ ಮೇಸ್ತ್ರಿ ಕೂಗುತ್ತಿದ್ದ. ಭುಜದ ಚರ್ಮ ಕಿತ್ತು ಬಂದರೆ ಯಾರೂ ಕೂಗುತ್ತಿರಲಿಲ್ಲ. ಪೈಪಿಗೆ ಮೂರು ಕಡೆ ತೇಪೆ. ತೇಪೆಯಲ್ಲಿ ಸೋರುತ್ತಿತ್ತು. ಸೋರಿದ್ದು ಬೆನ್ನ ಮೇಲೆ ಇಳಿದು, ಸೊಂಟ ದಾಟಿ, ಬೂಟಿನೊಳಗೆ ಸೇರುತ್ತಿತ್ತು. ಸಂಜೆ ಬೂಟು ಬಗ್ಗಿಸಿದರೆ ಒಂದು ಲೋಟ ಆಗುವಷ್ಟು. ಹೀಗೆ ಹನ್ನೊಂದು ವರ್ಷ.

ಅದನ್ನು ಎಲ್ಲರೂ ಔಷಧಿ ಎಂದೇ ಕರೆಯುತ್ತಿದ್ದರು. ವಿಷಕ್ಕೆ ಔಷಧಿ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಪೈಪು ಎಳೆದವರಂತೂ ಅಲ್ಲ.

ಪೈಪಿನ ಮುಂದಿನ ತುದಿಯಲ್ಲಿ ಬಂದೂಕಿನಂಥ ಕಬ್ಬಿಣದ ಕೊಳವೆ. ಅದನ್ನು ಹಿಡಿಯುವವನು ಅವಳ ತಮ್ಮ. ನಾಲ್ಕು ವರ್ಷದ ಹಿಂದೆ ಅವಳೇ ಮೇಸ್ತ್ರಿಯ ಕೈಕಾಲು ಹಿಡಿದು ಅವನನ್ನು ಕೆಲಸಕ್ಕೆ ಸೇರಿಸಿದ್ದಳು. ಆಗ ಅವನು ಎರಡು ಮೂಟೆ ಗೊಬ್ಬರವನ್ನು ಎರಡು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಿದ್ದ. ಈಗ ಅವನ ಎಡಗಣ್ಣಿನ ರೆಪ್ಪೆ ಬಿಡದೆ ಟಿಕ್ ಟಿಕ್ ಎಂದು ಹೊಡೆದುಕೊಳ್ಳುತ್ತಿತ್ತು. ಗ್ಯಾಂಗಿನವರು ಗಡಿಯಾರ ಎಂದು ಹೆಸರಿಟ್ಟರು. “ಗಡಿಯಾರ, ಗಂಟೆ ಎಷ್ಟು?” ಎಂದು ಯಾರಾದರೂ ಕೇಳಿದರೆ ಅವನು ರೆಪ್ಪೆ ಮುಟ್ಟಿ ನೋಡಿ, “ಇನ್ನೂ ಬಿಡೋ ಹೊತ್ತಾಗಿಲ್ಲ” ಎನ್ನುತ್ತಿದ್ದ.

ಗ್ಯಾಂಗಿನಲ್ಲಿ ಹದಿನಾಲ್ಕು ಜನ. ಎರಡು ತಿಂಗಳಿಗೊಮ್ಮೆ ಎಲ್ಲರ ರಕ್ತ ತೆಗೆಯುತ್ತಿದ್ದರು. ಕಂಪನಿಗೆ ಇವರ ಮೇಲೆ ಪ್ರೀತಿ ಉಕ್ಕಿದ್ದರಿಂದ ಅಲ್ಲ. ಹೂವು ಕೊಳ್ಳುವವರು ದೂರದ ದೊಡ್ಡ ದೊಡ್ಡ ಅಂಗಡಿಗಳವರು. ಕೆಲಸದವರ ರಕ್ತ ನೋಡುತ್ತೀರಾ ಎಂದು ಅವರ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು. ಹೌದು ಎಂದು ಬರೆಯಬೇಕಾದರೆ ನೋಡಲೇಬೇಕಿತ್ತು. ನೋಡಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರವಾಗಿ ಪಂಪಿನ ಕೋಣೆಯ ಗೋಡೆಗೆ ಒಂದು ಬೋರ್ಡು ಹೊಡೆದಿದ್ದರು. ‘ರಕ್ತದ ಅಂಕಿ ಮಿತಿಯಿಂದ ಹೊರಗೆ ಹೋದವರನ್ನು ಇಪ್ಪತ್ತೊಂದು ದಿನ ಔಷಧಿಯಿಂದ ದೂರ ಇಡಲಾಗುವುದು. ಸಂಬಳ ಕಡಿತವಿಲ್ಲ.’

ಬೋರ್ಡು ಸುಳ್ಳು ಹೇಳುತ್ತಿರಲಿಲ್ಲ. ಯಾರೂ ಮಿತಿಯಿಂದ ಹೊರಗೆ ಹೋಗದಂತೆ ನೋಡಿಕೊಂಡಿದ್ದರು, ಅಷ್ಟೆ.

ರಕ್ತ ನೋಡಲು ಶುರುಮಾಡಿದ ಮೊದಲ ವರ್ಷ ಕೆಳಗಿನ ಮಿತಿ ನಾಲ್ಕು ಸಾವಿರ ಎಂದಿತ್ತು. ಆ ಸಲ ಹದಿನಾಲ್ಕರಲ್ಲಿ ಒಂಬತ್ತು ಜನ ಹೊರಗೆ ಬಿದ್ದರು. ಒಂಬತ್ತು ಜನರನ್ನು ಮೂರು ವಾರ ನೆರಳಲ್ಲಿ ಕೂರಿಸಿದರೆ ಹುಳಗಳೇ ಗುಲಾಬಿ ಮಾರಬೇಕಾಗುತ್ತಿತ್ತು. ಕಂಪನಿಯ ಡಾಕ್ಟರು ಮಂಗಳವಾರ ಮಾತ್ರ ಬರುವವರು. ಆ ವಾರ ಗುರುವಾರವೂ ಬಂದರು. ಪಂಪಿನ ಕೋಣೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ ವಿವರಿಸಿದರು.

“ನೋಡಿ, ಆ ನಾಲ್ಕು ಸಾವಿರ ಪುಸ್ತಕದ ಲೆಕ್ಕ. ಪುಸ್ತಕ ಬರೆದವರು ನಿಮ್ಮನ್ನ ನೋಡಿಲ್ಲ. ಒಂದೊಂದು ಜನರ ರಕ್ತ ಒಂದೊಂದು ಥರ. ನಿಮ್ಮೆಲ್ಲರ ಸರಾಸರಿ ತೆಗೆದ್ರೆ, ಅದೇ ನಿಮ್ಮ ನಾರ್ಮಲ್. ಆ ಸರಾಸರಿಗೆ ಕೆಳಗೊಂದು ಬೇಲಿ, ಮೇಲೊಂದು ಬೇಲಿ. ಇದು ವಿಜ್ಞಾನ.”

ಮಿತಿ ಮೂರು ಸಾವಿರಕ್ಕೆ ಇಳಿಯಿತು. ಮರುವರ್ಷ ಎಲ್ಲರ ರಕ್ತವೂ ಇನ್ನಷ್ಟು ಇಳಿಯಿತು. ಸರಾಸರಿ ಇಳಿಯಿತು. ವಿಜ್ಞಾನವೂ ಹಿಂದೆಯೇ ಇಳಿದು ಎರಡು ಸಾವಿರದಲ್ಲಿ ನಿಂತಿತು. “ಮಿತಿಗೂ ನಮ್ಮ ಥರಾನೇ ಸುಸ್ತು ಕಣ್ರೋ,” ಎಂದ ಗಡಿಯಾರ. “ಮೇಲೆ ನಿಲ್ಲೋಕೆ ಆಗ್ತಿಲ್ಲ ಅದಕ್ಕೆ.”

ರಕ್ತ ತೆಗೆಯುವವಳನ್ನು ಸೂಜಿಯಮ್ಮ ಎನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು. ಅಕೌಂಟ್ಸ್ ಕೋಣೆಯ ಪಕ್ಕದ ಸಣ್ಣ ಗೂಡಿನಲ್ಲಿ ಅವಳ ಯಂತ್ರ, ಅವಳ ಟೈಪಿಂಗು. ಜಾಸ್ತಿ ಮಾತಿಲ್ಲ. ಆದರೆ ತೋಳು ಹಿಡಿದರೆ ಮೆತ್ತಗೆ ಹಿಡಿಯುತ್ತಿದ್ದಳು. ಒಂದು ದಿನ ಪೈಪಕ್ಕ ಕೇಳಿದಳು:

“ಏನಮ್ಮಾ ಇದು, ನೀವು ಎಣಿಸೋದು? ರಕ್ತದಲ್ಲಿ ಏನಿದೆ ಎಣಿಸೋಕೆ?”

ಸೂಜಿಯಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಕಿಣ್ವ ಅಂತ ಒಂದಿದೆ. ನರ ಒಂದು ಸಲ ಕೂಗಿದ್ರೆ ಸ್ನಾಯು ಒಂದು ಸಲ ಎಳೀಬೇಕು. ಆಮೇಲೆ ಕೂಗು ನಿಲ್ಲಬೇಕು. ನಿಲ್ಲಿಸೋದು ಆ ಕಿಣ್ವದ ಕೆಲಸ. ಔಷಧಿ ಮೈಗೆ ಹೋದ್ರೆ ಅದರ ಕೈ ಕಟ್ಟಿಹಾಕುತ್ತೆ. ಕೂಗು ನಿಲ್ಲೋದೇ ಇಲ್ಲ. ಬಾಯಲ್ಲಿ ನೀರು, ಕಣ್ಣಲ್ಲಿ ನೀರು, ಹೊಟ್ಟೆ ನುಲಿಯೋದು, ಮೈ ಅದುರೋದು.”

“ಹುಳಕ್ಕೂ ಹಿಂಗೇ ಆಗುತ್ತಾ?”

“ಹುಳಕ್ಕೆ ಆಗಲಿ ಅಂತಾನೇ ಅದನ್ನ ಮಾಡಿರೋದು.”

“ಹಾಗಾದ್ರೆ ನಾವು ಸ್ವಲ್ಪ ದೊಡ್ಡ ಹುಳ,” ಎಂದು ಪೈಪಕ್ಕ ತೋಳು ಒತ್ತಿಕೊಂಡು ಎದ್ದಳು. ಸರಿಯಾದ ಮನುಷ್ಯರಿಗೆ ಎಷ್ಟಿರುತ್ತದೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ.

ಆ ತಿಂಗಳ ಅಂಕಿಗಳನ್ನು ಪಂಪಿನ ಕೋಣೆಯ ಗೋಡೆಗೆ ಅಂಟಿಸಿದಾಗ ಪೈಪಕ್ಕ ಮೊದಲು ತಮ್ಮನ ಸಾಲು ನೋಡಿದಳು. ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತಿತ್ತು. ಸಾವಿರದ ಒಂಬೈನೂರ ನಲವತ್ತು. ಮಿತಿ ಎರಡು ಸಾವಿರ. ಅವಳ ಎದೆ ಹಗುರಾಯಿತು. ತಮ್ಮ ಫೇಲಾದ ಎಂದು ಖುಷಿಪಟ್ಟ ಅಕ್ಕ ಲೋಕದಲ್ಲಿ ಅವಳೊಬ್ಬಳೇ ಇರಬೇಕು. ಓಡಿ ಹೋಗಿ ಶೆಡ್ಡಿನ ಬಾಗಿಲಲ್ಲಿ ಅವನನ್ನು ಹಿಡಿದಳು.

“ನೀನು ಹೊರಗೆ ಬಿದ್ದೆ ಕಣೋ. ಅರವತ್ತು ಕಮ್ಮಿ. ಇಪ್ಪತ್ತೊಂದು ದಿನ ಮನೇಲಿ ಕೂತ್ಕೋ.”

ಅವನು ನಂಬಲಿಲ್ಲ. ಕೊಳವೆ ಕೆಳಗಿಟ್ಟು, ಬಾಯಿಂದ ಇಳಿಯುತ್ತಿದ್ದ ಜೊಲ್ಲನ್ನು ತೋಳಿನಿಂದ ಒರೆಸಿಕೊಂಡು ನೋಡಲು ಹೊರಟ. ಹೋಗುವ ಮೊದಲು ಒಂದು ಶೆಡ್ಡು ಮುಗಿಸು ಎಂದ ಮೇಸ್ತ್ರಿ. ಮುಗಿಸಿದ. ಊಟದ ಹೊತ್ತಿಗೆ ಅಕ್ಕತಮ್ಮ ಇಬ್ಬರೂ ಗೋಡೆಯ ಮುಂದೆ ನಿಂತಾಗ ಅಲ್ಲಿ ಬೇರೆ ಕಾಗದ ಇತ್ತು. ಅಂಟು ಇನ್ನೂ ಹಸಿ. ಸಾವಿರದ ಒಂಬೈನೂರ ನಲವತ್ತು ಹಾಗೇ ಇತ್ತು. ಮಿತಿ ಸಾವಿರದ ಎಂಟುನೂರು ಆಗಿತ್ತು. ಮೇಲಿನ ಬೇಲಿಯೂ ಇಳಿದು ನಾಲ್ಕೂವರೆ ಸಾವಿರಕ್ಕೆ ಬಂದಿತ್ತು. ತಮ್ಮನ ಮುಂದೆ ಬರೆದಿತ್ತು, ನಾರ್ಮಲ್.

ಗಡಿಯಾರ ಕಾಗದವನ್ನೇ ನೋಡುತ್ತ ನಿಂತ. “ನಾನೇ ಚೇತರಿಸಿಕೊಂಡ್ನೋ ಏನೋ ಅಕ್ಕ,” ಎಂದ. “ಒಂದು ಶೆಡ್ಡು ಹೊಡೆಯೋಷ್ಟರಲ್ಲಿ.”

ಮಂಗಳವಾರ ಪೈಪಕ್ಕ ಡಾಕ್ಟರ ಕೋಣೆಗೆ ಹೋದಳು. ಬೂಟು ಬಿಚ್ಚು, ಹೊಸ್ತಿಲಾಚೆ ನಿಲ್ಲು ಎಂದು ಜವಾನ ಹೇಳಿದ. ಬರಿಗಾಲಲ್ಲಿ ಹೊಸ್ತಿಲಾಚೆ ನಿಂತಳು. ತಮ್ಮನನ್ನು ಮಾತ್ರ ಒಳಗೆ ಮೇಜಿನ ತನಕ ಬಿಟ್ಟರು. ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಅಡಿಕೋಲು ಚಾಚಿ, ಅದರ ತುದಿಯಿಂದ ಗಡಿಯಾರನ ರೆಪ್ಪೆ ಎತ್ತಿ ನೋಡಿದರು.

“ಕಣ್ಣಿನ ಪಾಪೆ ಸೂಜಿಮೊನೆ ಆಗಿದೆ,” ಎಂದಳು ಪೈಪಕ್ಕ. “ಸಂಜೆ ಆದ್ರೆ ದಾರಿ ಕಾಣಲ್ಲ ಅಂತಾನೆ.”

“ಇಲ್ಲಿ ಬಿಸಿಲು ಜಾಸ್ತಿ. ಪಾಪೆ ಸಣ್ಣದಾಗುತ್ತೆ.”

“ಜೊಲ್ಲು ಸುರಿಯುತ್ತೆ.”

“ಹಸಿವು.”

“ಹೊಟ್ಟೆ ನಿಲ್ತಾ ಇಲ್ಲ. ದಿನಕ್ಕೆ ಏಳೆಂಟು ಸಲ.”

“ಕೈ ತೊಳೀತೀರಾ?” ಡಾಕ್ಟರು ಈಗ ಸ್ವಲ್ಪ ಹುರುಪಾದರು. “ಅದೇ ನಿಮ್ಮ ಜನರ ಸಮಸ್ಯೆ. ಎಷ್ಟು ಹೇಳಿದ್ರೂ ಕೈ ತೊಳೆಯಲ್ಲ. ದಿನಾ ಒಂದು ಲೋಟ ಹಾಲು ಕೊಡ್ತಿದೀವಲ್ಲ, ಕುಡೀತೀರಾ? ಹಾಲು ವಿಷ ಮುರಿಯುತ್ತೆ.”

“ಡಾಕ್ಟ್ರೇ, ನೀವೇ ಔಷಧಿ ಅಂತೀರಿ, ನೀವೇ ವಿಷ ಅಂತೀರಿ.”

ಡಾಕ್ಟರು ಅಡಿಕೋಲನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಡ್ರಾಯರಿಗೆ ಹಾಕಿದರು. “ಕಾಗದದಲ್ಲಿ ನಾರ್ಮಲ್ ಅಂತಿದೆ. ನಾನು ಕಾಗದ ನಂಬಬೇಕೋ, ನಿನ್ನ ತಮ್ಮನ ಹೊಟ್ಟೆ ನಂಬಬೇಕೋ?”

ಕೈ ತೊಳೆಯುವ ಮಾತು ಪೈಪಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಗ್ಯಾಂಗಿಗೆ ಇದ್ದದ್ದು ಒಂದೇ ನಲ್ಲಿ. ಅದರಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಟ್ಯಾಂಕಿಗೆ ಔಷಧಿ ಕಲಸುವಾಗ ಮಾತ್ರ. ಆಫೀಸಿನ ಮುಂದೆ ಮೂರು ನಲ್ಲಿಗಳಿದ್ದವು, ಇವರು ಮುಟ್ಟುವ ಹಾಗಿರಲಿಲ್ಲ. ನಲ್ಲಿಯ ಪಿಡಿಗೆ ಇವರ ಕೈಯ ಔಷಧಿ ಅಂಟಿದರೆ ಆಫೀಸಿನವರ ಆರೋಗ್ಯ ಕೆಡುತ್ತದಲ್ಲ.

ಮುಂದಿನ ವಾರ ಹೂವು ಕೊಳ್ಳುವವರ ಕಡೆಯಿಂದ ಇಬ್ಬರು ಬಂದರು. ಕುತ್ತಿಗೆಯಲ್ಲಿ ಕ್ಯಾಮೆರಾ. ಗ್ಯಾಂಗಿಗೆ ಹೊಸ ಕೋಟು, ಹೊಸ ಮುಖವಾಡ ಹಂಚಿದರು, ಸಂಜೆ ವಾಪಸ್ ಕೊಡಬೇಕೆಂದು ಹೇಳಿ. ಮ್ಯಾನೇಜರರು ಮೈಕಿಗೆ ಕೆಮ್ಮಿ, “ನಮ್ಮಲ್ಲಿ ಮೇಲು ಕೀಳು ಇಲ್ಲ. ಕೆಲಸದವರ ರಕ್ತ ಬೇರೆ, ನನ್ನ ರಕ್ತ ಬೇರೆ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಇವತ್ತು ತೋಳು ನನ್ನದು,” ಎಂದರು. ತೋಳು ಮಡಿಸಿ ಸೂಜಿಯಮ್ಮನ ಮುಂದೆ ಕೂತರು. ಕ್ಯಾಮೆರಾ ಮಿಂಚಿತು. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡರು, ಆ ಚಿತ್ರ ಮಾತ್ರ ತೆಗೆಯಬೇಡಿ ಎಂದು ಕೈ ಅಡ್ಡ ಹಿಡಿದರು.

ಯಂತ್ರಕ್ಕೆ ಮ್ಯಾನೇಜರ್ ಯಾರು, ಪೈಪಕ್ಕ ಯಾರು ಎಂದು ಗೊತ್ತಿರಲಿಲ್ಲ. ಗ್ಯಾಂಗಿನವರ ಕಾಗದದ ಥರವೇ ಅವರದ್ದನ್ನೂ ಕಕ್ಕಿತು. ಎಂಟು ಸಾವಿರದ ನೂರು. ಮೇಲಿನ ಮಿತಿ ನಾಲ್ಕೂವರೆ ಸಾವಿರ. ಪಕ್ಕದಲ್ಲಿ ಕೆಂಪು ಅಕ್ಷರ: ‘ಮಿತಿ ಮೀರಿದೆ. ನಾರ್ಮಲ್ ಅಲ್ಲ.’

ಆ ಕಾಗದ ಮ್ಯಾನೇಜರರ ಕೈ ಸೇರಿದ ಮೇಲೆ ನಡೆದದ್ದನ್ನು ಜವಾನ ಗ್ಯಾಂಗಿಗೆ ಬಂದು ಅಭಿನಯಿಸಿ ತೋರಿಸಿದ. ಮ್ಯಾನೇಜರರು ಮೊದಲು ಕುರ್ಚಿ ಹಿಡಿದರಂತೆ. ಆಮೇಲೆ ಎದೆ ಹಿಡಿದರಂತೆ. ಡಾಕ್ಟರನ್ನು ಕರೆಸಿ ಬಾಗಿಲು ಹಾಕಿಕೊಂಡರಂತೆ.

ಡಾಕ್ಟರ ಪಾಡು ಯಾರಿಗೂ ಬೇಡ. ಮ್ಯಾನೇಜರಿಗೆ ಏನೂ ಆಗಿಲ್ಲ ಎಂದರೆ ಮಿತಿ ಸುಳ್ಳು. ಮಿತಿ ನಿಜ ಎಂದರೆ ಮ್ಯಾನೇಜರು ರೋಗಿ. ಹೂವು ಕೊಳ್ಳುವವರು ಇನ್ನೂ ಗೆಸ್ಟ್ ಹೌಸಿನಲ್ಲೇ ಇದ್ದರು, ಆ ಕಾಗದದ ಒಂದು ಪ್ರತಿ ಅವರ ಚೀಲವನ್ನೂ ಸೇರಿತ್ತು. ಡಾಕ್ಟರು ಬಹಳ ಹೊತ್ತು ಯೋಚಿಸಿ, “ಸ್ವಲ್ಪ ಜಾಸ್ತಿ ಇದೆ ಸಾರ್. ವಿಶ್ರಾಂತಿ ತಗೊಳ್ಳಿ,” ಎಂದುಬಿಟ್ಟರು.

ಬೋರ್ಡಿನ ನಿಯಮ ನಾಲ್ಕು ವರ್ಷದಲ್ಲಿ ಮೊದಲ ಸಲ ಜಾರಿಗೆ ಬಂತು. ಮಿತಿಯಿಂದ ಹೊರಗೆ ಹೋದ ಒಬ್ಬ ಮನುಷ್ಯನನ್ನು ಇಪ್ಪತ್ತೊಂದು ದಿನ ಔಷಧಿಯಿಂದ ದೂರ ಇಡಲಾಯಿತು. ಆ ಮನುಷ್ಯ ಹುಟ್ಟಿದಾರಭ್ಯ ಔಷಧಿಯ ಹತ್ತಿರ ಬಂದವರಲ್ಲ. ಅವರ ಕೋಣೆಯ ಕಿಟಕಿಗೆ ಪರದೆ ಹಾಕಿದರು. ದಿನಕ್ಕೆ ಎರಡು ಲೋಟ ಹಾಲು ಹೋಯಿತು. ಅವರಿಗೆ ಈಗ ಕೂತರೆ ಸುಸ್ತು, ನಿಂತರೆ ತಲೆಸುತ್ತು. ಕಾಗದದ ಅಂಕಿ ಮೈಗೆ ಹತ್ತಿಬಿಟ್ಟಿತ್ತು. ಆಫೀಸಿನಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು.

ಆ ಶುಕ್ರವಾರ ಮಧ್ಯಾಹ್ನ ಏಳನೇ ಶೆಡ್ಡಿನಲ್ಲಿ ಗಡಿಯಾರ ಬಿದ್ದ.

ಒಳಗೆ ಉಸಿರು ಸಿಗದ ಸೆಕೆ. ಪೈಪು ಸಡಿಲವಾದದ್ದು ಪೈಪಕ್ಕನ ಭುಜಕ್ಕೆ ಮೊದಲು ತಿಳಿಯಿತು. ಮುಂದೆ ಎಳೆಯುವವರು ಯಾರೂ ಇರಲಿಲ್ಲ. ಸಾಲು ಬಿಟ್ಟು, ಗಿಡ ಮುರಿದುಕೊಂಡು ಓಡಿದಳು. ತಮ್ಮ ಎರಡು ಸಾಲಿನ ನಡುವೆ ಮಗ್ಗುಲಾಗಿ ಬಿದ್ದಿದ್ದ. ಕೊಳವೆ ಇನ್ನೂ ಕೈಯಲ್ಲಿತ್ತು, ಇನ್ನೂ ಅವನ ಮುಖಕ್ಕೇ ಉಗುಳುತ್ತಿತ್ತು. ಬಾಯಿಂದ ನೊರೆ. ತೊಡೆಯ ಮಾಂಸ ಚರ್ಮದ ಕೆಳಗೆ ಇಲಿಗಳ ಹಾಗೆ ಓಡಾಡುತ್ತಿತ್ತು. ಬಟ್ಟೆ ಕೆಟ್ಟುಹೋಗಿತ್ತು. ಅವಳೂ ಇನ್ನಿಬ್ಬರೂ ಸೇರಿ ಕಾಲು ಹಿಡಿದು ಪಂಪಿನ ಕೋಣೆಗೆ ಎಳೆದು ತಂದರು. ನಲ್ಲಿ ತಿರುಗಿಸಿದರೆ ಗಾಳಿ ಬಂತು.

ಮೇಸ್ತ್ರಿಯನ್ನು ಗಾಡಿ ಕೇಳಿದಳು. ಗಾಡಿ ಇಲ್ಲ ಎಂದ. ಮ್ಯಾನೇಜರರನ್ನು ದೊಡ್ಡ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋಗಿದೆ.

“ಅವರಿಗೇನಾಗಿದೆ?”

“ಅವರ ರಕ್ತ ಜಾಸ್ತಿ ಆಗಿದೆ ಅಲ್ವಾ.”

ಪೈಪಕ್ಕ ಬಗ್ಗಿದಳು. ತಮ್ಮನನ್ನು ಬೆನ್ನ ಮೇಲೆ ಹಾಕಿಕೊಂಡಳು. ಹನ್ನೊಂದು ವರ್ಷ ಪೈಪು ಎಳೆದ ಬೆನ್ನು. ಆಫೀಸಿನ ಮುಂದೆ ಹೋಗಿ, ಮುಟ್ಟಬಾರದ ನಲ್ಲಿಯ ಕೆಳಗೆ ಅವನನ್ನು ಮಲಗಿಸಿ, ಮೂರೂ ನಲ್ಲಿ ಪೂರ್ತಿ ತಿರುಗಿಸಿದಳು. ಬಟ್ಟೆ ಬಿಚ್ಚಿದಳು. ಅವನು ಮೂರು ವರ್ಷದ ಮಗುವಾಗಿದ್ದಾಗ ತೊಳೆದ ಹಾಗೆ ತೊಳೆದಳು. ತಲೆ, ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು. ಆಫೀಸಿನವರು ಕಿಟಕಿಯಿಂದ ನೋಡಿದರು. ಅಕೌಂಟ್ಸಿನವನೊಬ್ಬ ಬಂದು, “ಇಲ್ಲಿ ಹೆಂಗಸರು ಓಡಾಡ್ತಾರೆ, ಬೆತ್ತಲೆ ಮಲಗಿಸಿದೀಯಲ್ಲ,” ಎಂದ.

“ನಾನೂ ಹೆಂಗಸೇ,” ಎಂದಳು. “ಸೋಪು ತಗೊಂಡು ಬಾ.”

ಅವಳ ಮುಖ ನೋಡಿ ಅವನು ಸೋಪು ತಂದ. ಗಡಿಯಾರ ಅರ್ಧ ಗಂಟೆಯ ಮೇಲೆ ಕಣ್ಣು ಬಿಟ್ಟ. ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಫೋನಿನಲ್ಲೇ ಬಿಸಿಲಿನ ಝಳ ಎಂದು ಕಂಡುಹಿಡಿದರು. ಕೊನೆಯ ಕಾಗದದಲ್ಲಿ ನಾರ್ಮಲ್ ಇರುವುದರಿಂದ ಎರಡು ದಿನ ಬಿಟ್ಟು ಕೆಲಸಕ್ಕೆ ಬರಬಹುದು ಎಂದರು. ಅವನು ಬಂದ. ಬರದಿದ್ದರೆ ಬೇರೆಯವರು ಕಾಯುತ್ತಿದ್ದಾರೆ ಎಂದು ಮೇಸ್ತ್ರಿ ಹೇಳಿಕಳಿಸಿದ್ದ.

ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಹೂವು ಪ್ಯಾಕ್ ಮಾಡುವ ಕಟ್ಟೆಯ ಮುಂದೆ ಸೇರಿಸಿದರು. ಇನ್ನೂರು ಜನ. ಔಷಧಿ ಗ್ಯಾಂಗು ವಾಸನೆಯ ಕಾರಣಕ್ಕೆ ಯಾವಾಗಲೂ ಹಿಂದೆ. ಪೈಪಕ್ಕನ ಭುಜದ ಮೇಲೆ ಪೈಪಿತ್ತು, ಸಭೆ ಮುಗಿದ ಕೂಡಲೇ ಒಂದನೇ ಶೆಡ್ಡಿಗೆ ಹೋಗಬೇಕಿತ್ತು. ಗಡಿಯಾರ ಅವಳ ಪಕ್ಕದಲ್ಲಿ ಕಂಬ ಒರಗಿ ನಿಂತಿದ್ದ.

ಮ್ಯಾನೇಜರರು ಕಟ್ಟೆ ಹತ್ತಿದರು. ಮುಖದಲ್ಲಿ ಕಳೆ ತುಂಬಿತ್ತು. ಕೈಯಲ್ಲಿ ದೊಡ್ಡ ಆಸ್ಪತ್ರೆಯ ಕಾಗದ. ಡಾಕ್ಟರು ಸೋಮವಾರವಾದರೂ ಬಂದು ಪಕ್ಕದಲ್ಲಿ ನಿಂತಿದ್ದರು.

“ನೀವೆಲ್ಲ ನನಗಾಗಿ ಎಷ್ಟು ಚಿಂತೆ ಮಾಡಿದ್ರಿ ಅಂತ ಗೊತ್ತು,” ಎಂದು ಶುರುಮಾಡಿದರು. ಯಾರೂ ಚಿಂತೆ ಮಾಡಿರಲಿಲ್ಲ. “ಸಂತೋಷದ ಸುದ್ದಿ. ನನಗೆ ಏನೂ ಆಗಿಲ್ಲ. ದೊಡ್ಡ ಡಾಕ್ಟರು ನಕ್ಕುಬಿಟ್ರು. ಎಂಟು ಸಾವಿರ ಅಂದ್ರೆ ಗೂಳಿ ಥರ ಇದೀರಿ ಅಂದ್ರು. ಐದರಿಂದ ಹನ್ನೆರಡು ಸಾವಿರ ಇರಬೇಕಂತೆ ಮನುಷ್ಯನಿಗೆ.”

ಡಾಕ್ಟರು ಕೆಮ್ಮಿದರು. ಮ್ಯಾನೇಜರರು ಸಂತೋಷದಲ್ಲಿದ್ದರು, ಕೆಮ್ಮು ಕೇಳಿಸಲಿಲ್ಲ.

“ಕಮ್ಮಿ ಆದ್ರೆ ಹೆದರಬೇಕು ಅಂದ್ರು ಅವರು. ಐದು ಸಾವಿರದ ಕೆಳಗೆ ಬಂದ್ರೆ ಯಾಕೆ ಅಂತ ನೋಡಬೇಕಂತೆ. ಅದರ ಅರ್ಧಕ್ಕೆ ಬಂದವನನ್ನ ಮನೆಗೇ ಕಳಿಸಲ್ಲವಂತೆ, ಮಂಚಕ್ಕೆ ಹಾಕ್ತಾರಂತೆ.”

ಡಾಕ್ಟರು ಅವರ ತೋಳು ಹಿಡಿದು ಎಳೆದರು. ತಡವಾಗಿತ್ತು.

ಪೈಪಕ್ಕ ಅಲ್ಲಿಯವರೆಗೆ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು. ಈಗ ಭುಜದಿಂದ ಪೈಪು ಇಳಿಸಿದಳು. ಅದು ಸಿಮೆಂಟಿನ ಮೇಲೆ ಧೊಪ್ಪನೆ ಬಿತ್ತು. ಮುಂದಿನವರು ತಿರುಗಿ ನೋಡಿದರು. ದಾರಿ ಬಿಟ್ಟರು, ವಾಸನೆಗೆ. ಅವಳು ನಡೆದುಕೊಂಡು ಕಟ್ಟೆಯ ಬುಡಕ್ಕೆ ಬಂದಳು. ಕೂಗಲಿಲ್ಲ.

“ಸಾರ್, ನನ್ನದು ಎರಡು ಸಾವಿರದ ಇನ್ನೂರು.”

ಮ್ಯಾನೇಜರರ ಮುಖದಲ್ಲಿ ನಗು ಹಾಗೇ ಉಳಿಯಿತು, ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಹಿಂದಿನಿಂದ ಟ್ಯಾಂಕಿಗೆ ಔಷಧಿ ಕಲಸುವವನ ದನಿ ಬಂತು. “ನನ್ನದು ಎರಡು ಸಾವಿರದ ಐವತ್ತು.”

“ಎರಡು ಸಾವಿರದ ಮುನ್ನೂರ ಹತ್ತು.”

“ಸಾವಿರದ ಎಂಟುನೂರ ತೊಂಬತ್ತು. ನನಗೆ ಎರಡು ಸಲ ಬಸುರು ಇಳಿದುಹೋಯ್ತು. ಆವಾಗ ಎಷ್ಟಿತ್ತೋ ನೆನಪಿಲ್ಲ.”

“ಎರಡು ಸಾವಿರದ ನೂರು.”

ಗಡಿಯಾರ ಕಂಬ ಬಿಟ್ಟು ಎರಡು ಹೆಜ್ಜೆ ಬಂದ. “ಸಾವಿರದ ಒಂಬೈನೂರ ನಲವತ್ತು,” ಎಂದ. “ಅದು ಬೀಳೋದಕ್ಕೆ ಮುಂಚಿನದು.”

ಹದಿನಾಲ್ಕು ಅಂಕಿಗಳೂ ಬಂದವು. ಪ್ಯಾಕಿಂಗಿನ ಹೆಂಗಸರು ಗುಲಾಬಿ ಕಟ್ಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟರು. ಕೆಲವರು ಕಟ್ಟನ್ನು ಮೈಯಿಂದ ಸ್ವಲ್ಪ ದೂರ ಹಿಡಿದರು.

ಡಾಕ್ಟರು ಮುಂದೆ ಬಂದರು. “ಅದು ಆ ಆಸ್ಪತ್ರೆಯ ಲೆಕ್ಕ. ಅದೂ ಇದೂ ಬೆರೆಸಬಾರದು. ಇಲ್ಲಿಯ ಮಿತಿಯೇ ಬೇರೆ. ಇದು ವಿಜ್ಞಾನ, ನಿನಗೆ ಅರ್ಥವಾಗಲ್ಲ.”

“ಅರ್ಥವಾಯ್ತು ಡಾಕ್ಟ್ರೇ,” ಎಂದಳು ಪೈಪಕ್ಕ. “ಇಲ್ಲಿಯ ಲೆಕ್ಕ ಸರಿ ಅನ್ನೋದಾದ್ರೆ ಇವರು ರೋಗಿ. ಇವರ ಇಪ್ಪತ್ತೊಂದು ದಿನ ಇನ್ನೂ ಮುಗಿದಿಲ್ಲ, ಕರ್ಕೊಂಡು ಹೋಗಿ ಮಲಗಿಸಿ. ಅಲ್ಲಿಯ ಲೆಕ್ಕ ಸರಿ ಅನ್ನೋದಾದ್ರೆ ನಾವು ರೋಗಿಗಳು. ನಾವು ಹೋಗಿ ಮಲಗ್ತೀವಿ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ, ಕಾಯ್ತೀನಿ.”

ಮೇಸ್ತ್ರಿ ಹಿಂದಿನಿಂದ ಕೂಗಿದ: “ಪೈಪು ಎತ್ತಮ್ಮಾ, ಹೊತ್ತಾಯ್ತು, ಹುಳ ಕಾಯಲ್ಲ.”

“ನೀನೇ ಎತ್ತು. ನಿನ್ನದು ಎಂಟು ಸಾವಿರ ಇರಬೇಕಲ್ಲ. ಇಳಿಯೋಕೆ ಇನ್ನೂ ಜಾಗ ಇದೆ.”

ಇಷ್ಟು ವರ್ಷದಲ್ಲಿ ಅವಳು ಮೇಸ್ತ್ರಿಗೆ ನೀನು ಎಂದದ್ದು ಅದೇ ಮೊದಲು. ಅವನಿಗೆ ಪೈಪಿಗಿಂತ ಅದೇ ಭಾರವಾಯಿತು. ಅವಳು ತಮ್ಮನ ಕಂಕುಳಿಗೆ ಕೈ ಕೊಟ್ಟು ಗೇಟಿನ ಕಡೆ ನಡೆದಳು. ಹನ್ನೆರಡು ಜನ ಹಿಂದೆ ಬಂದರು.

ಅವರು ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋದರು. ಬಸ್ಸಿನಲ್ಲಿ ಇವರ ಸುತ್ತ ಸೀಟು ಖಾಲಿಯಾದವು, ಹಾಗಾಗಿ ಎಲ್ಲರಿಗೂ ಕೂರಲು ಸಿಕ್ಕಿತು. ಡ್ಯೂಟಿ ಡಾಕ್ಟರು ಅಡಿಕೋಲು ಬಳಸಲಿಲ್ಲ. ಬೆರಳಿನಿಂದ ರೆಪ್ಪೆ ಎತ್ತಿ, ಟಾರ್ಚು ಬಿಟ್ಟು, ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತ ಹೋದಂತೆ ಅವರ ಹುಬ್ಬು ಗಂಟಾಯಿತು. ರಕ್ತ ಕಳಿಸಿದರು. ಒಂದು ಗಂಟೆಯ ಮೇಲೆ ಲ್ಯಾಬಿನವನೇ ಓಡಿಬಂದ. ಯಂತ್ರ ಕೆಟ್ಟಿದೆ ಸಾರ್, ಹದಿನಾಲ್ಕಕ್ಕೆ ಹದಿನಾಲ್ಕೂ ಕೆಳಗೆ ತೋರಿಸುತ್ತಿದೆ ಎಂದ. ಅನುಮಾನಕ್ಕೆ ತನ್ನದೇ ರಕ್ತ ಹಾಕಿ ನೋಡಿದ್ದ. ಏಳು ಸಾವಿರ ಬಂದಿತ್ತು. ಯಂತ್ರ ಸರಿಯಿತ್ತು.

ಐದು ಜನರನ್ನು ಮಂಚಕ್ಕೆ ಹಾಕಿದರು. ಗಡಿಯಾರನಿಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಅವನು ನಾಲಿಗೆ ಹೊರಳಿಸುತ್ತ, “ನೀರು ಕೊಡಕ್ಕ, ಬಾಯಿ ಒಣಗಿದೆ,” ಎಂದ. ಎರಡು ವರ್ಷದಿಂದ ಜೊಲ್ಲು ಸುರಿಸುತ್ತಿದ್ದ ಬಾಯಿ ಅಂದು ಮೊದಲ ಸಲ ಒಣಗಿತ್ತು. ಪೈಪಕ್ಕ ಲೋಟ ಹಿಡಿದುಕೊಂಡು ಮುಖ ಆಚೆ ತಿರುಗಿಸಿದಳು.

ಆಸ್ಪತ್ರೆಯ ಕಾಗದ ಕಾರ್ಮಿಕರ ಕಚೇರಿಗೆ ಹೋಯಿತು. ಅಲ್ಲಿಂದ ಒಬ್ಬ ಇನ್ಸ್‌ಪೆಕ್ಟರು ಬಂದರು. ಕಂಪನಿಯ ಉತ್ತರ ಸಿದ್ಧವಾಗಿತ್ತು: ಮಿತಿ ಇಳಿದದ್ದು ಟೈಪಿಂಗ್ ತಪ್ಪು. ನಾಲ್ಕು ವರ್ಷದಲ್ಲಿ ಮೂರು ಸಲ ತಪ್ಪಾಗಿತ್ತು, ಮೂರು ಸಲವೂ ಕೆಳಗೇ. ಟೈಪು ಮಾಡಿದವಳು ಯಾರು ಎಂದರೆ ಸೂಜಿಯಮ್ಮ. ಅವಳನ್ನು ಕರೆಸಿದರು. ಅವಳು ಎಲ್ಲರ ಮುಂದೆ, “ಬೆರಳು ನನ್ನದು. ಅಂಕಿ ಡಾಕ್ಟರದ್ದು. ಫೋನಿನಲ್ಲಿ ಹೇಳ್ತಿದ್ರು, ನಾನು ಹೊಡೀತಿದ್ದೆ. ನಾನೂ ತಪ್ಪು ಮಾಡಿದೀನಿ, ಬರ್ಕೊಳ್ಳಿ,” ಎಂದಳು. ಮರುದಿನ ಅವಳ ಕೆಲಸ ಹೋಯಿತು. ಡಾಕ್ಟರದ್ದು ಹೋಗಲಿಲ್ಲ, ಮೇಲೇರಿತು. ಕಂಪನಿಯ ಎಲ್ಲ ತೋಟಗಳಿಗೂ ಆರೋಗ್ಯ ಸಲಹೆಗಾರರಾಗಿ ಅವರನ್ನು ಹೆಡ್ಡಾಫೀಸಿಗೆ ಕರೆಸಿಕೊಂಡರು.

ಹದಿನಾಲ್ಕು ಜನಕ್ಕೂ ಇಪ್ಪತ್ತೊಂದು ದಿನ ಸಿಕ್ಕಿತು. ಇನ್ಸ್‌ಪೆಕ್ಟರು ಬೋರ್ಡನ್ನೇ ತೋರಿಸಿ ಕೊಡಿಸಿದರು. ಗಡಿಯಾರ ಮತ್ತೆ ಕೊಳವೆ ಹಿಡಿಯಬಾರದು ಎಂದು ಆಸ್ಪತ್ರೆಯವರು ಬರೆದುಕೊಟ್ಟರು, ಅವನನ್ನು ಪ್ಯಾಕಿಂಗಿಗೆ ಹಾಕಿದರು. ಆ ದಿನಗಳಲ್ಲಿ ಕಂಪನಿ ಹೊರಗಿನಿಂದ ಬೇರೆ ಗ್ಯಾಂಗು ಕರೆಸಿತು. ಪೈಪಕ್ಕ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ ನಿಂತು, ಬರುವ ಒಬ್ಬೊಬ್ಬರಿಗೂ ಒಂದೇ ಮಾತು ಹೇಳಿದಳು: “ಐದು ಸಾವಿರ. ನೆನಪಿಟ್ಕೋ. ಅದಕ್ಕಿಂತ ಕೆಳಗೆ ಬಂದ್ರೆ ಪೈಪು ಇಳಿಸು.” ಮೂರನೇ ದಿನ ಹೊಸ ಗ್ಯಾಂಗಿನವರು, ಮೊದಲು ನಮ್ಮ ರಕ್ತ ಎಣಿಸಿ, ಆಮೇಲೆ ಟ್ಯಾಂಕಿ ಕಲಸುತ್ತೇವೆ ಎಂದು ಕೂತುಬಿಟ್ಟರು. ಗುಲಾಬಿಗೆ ಜೇಡನುಸಿ ಹುಳ ಹತ್ತಿತು. ಎರಡು ಲಾರಿ ಹೂವು ಗುಂಡಿಗೆ ಹೋಯಿತು.

ಇಪ್ಪತ್ತೆರಡನೇ ದಿನ ಗ್ಯಾಂಗು ವಾಪಸ್ ಬಂತು. ನಲ್ಲಿಗೆ ನೀರು ಬಂದಿತ್ತು. ಪೈಪು ಹೊಸದು. ಗೂಡಿನಲ್ಲಿ ಹೊಸ ಡಾಕ್ಟರು, ವಯಸ್ಸು ಕಮ್ಮಿ, ನಗುಮುಖ. ಕೆಲಸಕ್ಕೆ ಇಳಿಯುವ ಮೊದಲು ಎಲ್ಲರ ರಕ್ತ ಎಂದರು. ಪೈಪಕ್ಕ ಮೊದಲು ಕೂತಳು. ಮೇಜಿನ ಮೇಲಿದ್ದ ಹೊಸ ಫಾರ್ಮು ಎಳೆದು ನೋಡಿದಳು. ಹೆಸರಿಗೆ ಜಾಗವಿತ್ತು, ತಾರೀಖಿಗೆ ಜಾಗವಿತ್ತು. ಕೆಳಗೆ ಒಂದು ಚೌಕ, ಅದರ ಮುಂದೆ ‘ಕೆಲಸಕ್ಕೆ ಯೋಗ್ಯ’ ಎಂದು ಮೊದಲೇ ಅಚ್ಚಾಗಿತ್ತು.

“ಅಂಕಿ ಎಲ್ಲಿ?” ಎಂದಳು.

“ಅಂಕಿ ಕೊಟ್ಟಿದ್ದಕ್ಕೇ ಅಲ್ವಾ ಇಷ್ಟೆಲ್ಲ ಗೊಂದಲ ಆಗಿದ್ದು,” ಎಂದರು ಹೊಸ ಡಾಕ್ಟರು, ಸಮಾಧಾನದಿಂದ. “ಅಂಕಿ ನಾವು ನೋಡ್ಕೋತೀವಿ. ನೀವು ಆರಾಮಾಗಿ ಕೆಲಸ ಮಾಡಿ.” ಹತ್ತಿಯಲ್ಲಿ ಸ್ಪಿರಿಟ್ ಅದ್ದಿದರು.

ಪೈಪಕ್ಕ ಮಡಿಸಿದ್ದ ತೋಳು ಇಳಿಸಿದಳು. ಮಣಿಕಟ್ಟಿನವರೆಗೂ ಎಳೆದು ಗುಂಡಿ ಹಾಕಿಕೊಂಡಳು. ಬಾಗಿಲಾಚೆ ಸಾಲಿನಲ್ಲಿ ನಿಂತವರು ಅದನ್ನು ನೋಡಿದರು. ಅವರ ತೋಳುಗಳೂ ಒಂದೊಂದಾಗಿ ಇಳಿದವು.

“ಮೊದಲು ಇಲ್ಲಿ ಮಿತಿ ಬರೀರಿ,” ಎಂದಳು, ಫಾರ್ಮಿನ ಖಾಲಿ ಜಾಗಕ್ಕೆ ಬೆರಳಿಟ್ಟು. “ಐದು ಸಾವಿರ. ಅಂಕಿಯಲ್ಲೂ ಅಕ್ಷರದಲ್ಲೂ. ಪಕ್ಕದಲ್ಲಿ ನನ್ನ ಅಂಕಿಗೆ ಜಾಗ ಬಿಡಿ. ಕೆಳಗೆ ನಿಮ್ಮ ಸಹಿ. ಆಮೇಲೆ ಚುಚ್ಚಿ.”

ಹೊಸ ಡಾಕ್ಟರು ನಗು ನಿಲ್ಲಿಸಿದರು. ಜೇಬು ಮುಟ್ಟಿಕೊಂಡರು, ಡ್ರಾಯರ್ ಎಳೆದರು, ಫೈಲುಗಳ ಕೆಳಗೆ ಕೈಯಾಡಿಸಿದರು. ಪೆನ್ನು ಸಿಗಲಿಲ್ಲ ಎಂದರು.

ಪೈಪಕ್ಕ ತನ್ನದನ್ನು ಕೊಟ್ಟಳು.